‘ಮೊದಲಿನಿಂದಲೂ’ ಎಂದರೆ ಯಾವ ಇಸವಿ?

ಪದವಿ ತರಗತಿಯ ಇತಿಹಾಸದ ಮಕ್ಕಳಿಗೆ ನಾನು ಪ್ರತಿ ವರ್ಷ ಒಂದೇ ಕೆಲಸ ಕೊಡುತ್ತೇನೆ: ನಿಮ್ಮ ಮನೆಯಲ್ಲಿ ಮಾಡುವ ಯಾವುದಾದರೂ ಒಂದು ಅಡುಗೆಯನ್ನು ಹಿಡಿದು ಅದರ ಇತಿಹಾಸವನ್ನು ಹತ್ತು ಪುಟ ಬರೆಯಿರಿ. ಎರಡು ತಿಂಗಳ ಮೇಲೆ ಮೇಜಿಗೆ ಬಂದು ಬೀಳುವ ಕಟ್ಟನ್ನು ಬಿಚ್ಚುವುದಕ್ಕೂ ಮುಂಚೆಯೇ ಮೊದಲ ಸಾಲು ನನಗೆ ಗೊತ್ತಿರುತ್ತದೆ. ‘ಪ್ರಾಚೀನ ಕಾಲದಿಂದಲೂ ನಮ್ಮ ನಾಡಿನಲ್ಲಿ...’ ಇಡ್ಲಿಯೂ ಪ್ರಾಚೀನ ಕಾಲದ್ದು, ಚಿತ್ರಾನ್ನವೂ ಪ್ರಾಚೀನ ಕಾಲದ್ದು. ಒಬ್ಬ ಪುಣ್ಯಾತ್ಮ ಟೊಮೆಟೊ ಗೊಜ್ಜನ್ನೂ ಅದೇ ಸಾಲಿಗೆ ಸೇರಿಸಿದ್ದ. ಎರಡನೆಯ ಪುಟದಲ್ಲಿ ಮಾಡುವ ವಿಧಾನ, ಮೂರನೆಯದರಲ್ಲಿ ಆರೋಗ್ಯಕ್ಕೆ ಆಗುವ ಲಾಭ, ಕೊನೆಗೆ ಅಜ್ಜಿಯ ಕೈರುಚಿಗೊಂದು ನಮಸ್ಕಾರ. ಇತಿಹಾಸ ಎಲ್ಲಪ್ಪಾ ಎಂದರೆ ‘ಇದೇ ಅಲ್ಲವೇ ಸರ್’ ಎನ್ನುತ್ತಾರೆ.

ಆಕರ ಹುಡುಕುವುದು, ಅಡಿಟಿಪ್ಪಣಿ ಹಾಕುವುದು, ಗೆಜೆಟಿಯರ್ ನೋಡುವುದು ಇವನ್ನೆಲ್ಲ ಇಲ್ಲಿ ಹೇಳಲು ಹೋಗುವುದಿಲ್ಲ. ಕಲಿಸಿದರೆ ಅವು ಬರುತ್ತವೆ. ಎಷ್ಟು ಹೇಳಿದರೂ ತಲೆಗೆ ಇಳಿಯದ ಮಾತು ಒಂದೇ ಒಂದು, ಅದನ್ನು ಮಾತ್ರ ಇಲ್ಲಿ ಕುಟ್ಟುತ್ತೇನೆ. ಹೆಸರು ಹಳೆಯದಾದ ಮಾತ್ರಕ್ಕೆ ತಟ್ಟೆಯಲ್ಲಿರುವುದು ಹಳೆಯದಲ್ಲ.

ಇಡ್ಲಿ ಹಿಡಿದವರು ತಪ್ಪದೆ ವಡ್ಡಾರಾಧನೆಗೆ ಓಡುತ್ತಾರೆ. 10ನೇ ಶತಮಾನದ್ದೆಂದು ಎಣಿಸುವ ಆ ಗದ್ಯದಲ್ಲಿ ‘ಇಡ್ಡಲಿಗೆ’ ಎಂಬ ಪದ ಇದೆ, ನಿಜ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಬರೆದ ಲೋಕೋಪಕಾರ ಮಾಡುವ ಬಗೆಯನ್ನೂ ಹೇಳುತ್ತದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ಅರೆದು, ಮೊಸರಿನ ತಿಳಿನೀರು ಮತ್ತು ಮಸಾಲೆ ಬೆರೆಸಬೇಕು. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ‘ಇಡ್ಡರಿಕಾ’ ಬರುತ್ತದೆ. ಅದೂ ಉದ್ದಿನದೇ. ಈಗ ಸ್ವಲ್ಪ ನಿಲ್ಲಿ. ಅಕ್ಕಿ ಎಲ್ಲಿದೆ? ಹಿಟ್ಟನ್ನು ರಾತ್ರಿಯಿಡೀ ಹುಳಿ ಬರಲು ಬಿಟ್ಟ ಮಾತೆಲ್ಲಿದೆ? ಹಬೆ ಎಲ್ಲಿದೆ? ಈ ಮೂರೂ ಇಲ್ಲದ್ದನ್ನು ನಾಳೆ ಬೆಳಿಗ್ಗೆ ನಿಮ್ಮ ತಟ್ಟೆಗೆ ಹಾಕಿದರೆ ನೀವು ಇಡ್ಲಿ ಎನ್ನುವುದಿಲ್ಲ, ‘ಇದೇನಮ್ಮ ಇವತ್ತು’ ಎನ್ನುತ್ತೀರಿ. ಹಾಗೆಂದು ಆ ಕಾಲದಲ್ಲಿ ಯಾರೂ ಅಕ್ಕಿ ಬೆರೆಸಲಿಲ್ಲ, ಯಾರೂ ಹಬೆಯಲ್ಲಿ ಬೇಯಿಸಲಿಲ್ಲ ಎಂದು ನಾನು ಹೇಳುತ್ತಿಲ್ಲ. ಗ್ರಂಥದಲ್ಲಿ ಬರೆಯದಿರುವುದು ಬೇರೆ, ಲೋಕದಲ್ಲಿ ಇಲ್ಲದಿರುವುದು ಬೇರೆ. ಆ ಒಂದು ಪದದ ಮೇಲೆ ಕಾಲಿಟ್ಟು ಸಾವಿರ ವರ್ಷ ದಾಟಬೇಡಿ ಎನ್ನುತ್ತಿದ್ದೇನೆ, ಅಷ್ಟೇ. ಪದ ಹಾಗೆಯೇ ಉಳಿದು ಒಳಗಿನ ಹೂರಣ ಬದಲಾಗಿದೆಯೇ? ಹಾಗಾದರೆ ಆ ಬದಲಾವಣೆಯೇ ನಿಮ್ಮ ಪ್ರಬಂಧ.

ಇದನ್ನು ಕಣ್ಣಿಗೆ ಕಾಣಿಸಲು ತರಗತಿಗೆ ಎಡಗೈಯಲ್ಲಿ ನಾಲ್ಕು ಕಾಳುಮೆಣಸು, ಬಲಗೈಯಲ್ಲಿ ಒಂದು ಬ್ಯಾಡಗಿ ಮೆಣಸಿನಕಾಯಿ ಹಿಡಿದುಕೊಂಡು ಹೋಗುತ್ತೇನೆ. ಕಾಳು ನಮ್ಮ ಘಟ್ಟದ್ದು. ಕಾಯಿ ಅಮೆರಿಕ ಖಂಡದ್ದು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರ ಹಡಗಿನ ದಾರಿಯಲ್ಲಿ ಇಲ್ಲಿಗೆ ಇಳಿದದ್ದು. ಎರಡೂ ನಾಲಿಗೆ ಸುಡುತ್ತವಲ್ಲ, ಹಳೆಯದರ ಹೆಸರನ್ನೇ ಹೊಸದಕ್ಕೆ ತೊಡಿಸಿ ಮೆಣಸಿನಕಾಯಿ ಎಂದೆವು. ಬಂದ ನೆಂಟ ಎಷ್ಟು ಗಟ್ಟಿಯಾಗಿ ಕುಳಿತನೆಂದರೆ ಮನೆಯವನೇ ತನ್ನ ಗುರುತು ಹೇಳಿಕೊಳ್ಳಬೇಕಾಯಿತು. ಒಂದು ಕಡೆ ಕಾಳುಮೆಣಸು, ಇನ್ನೊಂದು ಕಡೆ ಕರಿಮೆಣಸು, ದಕ್ಷಿಣ ಕನ್ನಡದಲ್ಲಿ ಒಳ್ಳೆಮೆಣಸು. ಇನ್ನೊಂದು ಮೆಣಸು ಬಾರದೇ ಇದ್ದಿದ್ದರೆ ಇದನ್ನು ‘ಒಳ್ಳೆ’ ಎಂದು ಬೇರ್ಪಡಿಸಿ ಹೇಳುವ ಪ್ರಮೇಯ ಬರುತ್ತಿತ್ತೇ ಎಂದು ಕೇಳಿದಾಗ ಹಿಂದಿನ ಬೆಂಚಿನಲ್ಲಿ ಒಂದಿಬ್ಬರು ತಲೆ ಎತ್ತುತ್ತಾರೆ. ಭಾಷಾವಿಜ್ಞಾನಿಗಳು ಈ ಮಾತನ್ನು ಇನ್ನಷ್ಟು ಅಳೆದು ಹೇಳಿಯಾರು.

ಇಷ್ಟೆಲ್ಲ ಆದ ಮೇಲೂ ಕಳೆದ ವರ್ಷ ಒಬ್ಬಳ ಪ್ರಬಂಧದಲ್ಲಿ ಹೊಯ್ಸಳ ವಿಷ್ಣುವರ್ಧನ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿಸಿಕೊಂಡು ಊಟ ಮಾಡುತ್ತಿದ್ದ. ‘ಯಾವ ಶಾಸನದಲ್ಲಿದೆಯಮ್ಮ?’ ಎಂದೆ. ‘ಯೂಟ್ಯೂಬ್‌ನಲ್ಲಿತ್ತು ಸರ್.’ ಶಾಸನಗಳಲ್ಲಿ ಊಟದ ಲೆಕ್ಕ ಇಲ್ಲವೆಂದಲ್ಲ, ನೈವೇದ್ಯಕ್ಕೆ ಬಿಟ್ಟ ಅಕ್ಕಿ ಎಷ್ಟು ಕೊಳಗ, ತುಪ್ಪ ಎಷ್ಟು ಮಾನ ಎಂಬುದೆಲ್ಲ ಇದೆ. ಆದರೆ ಅದು ದೇವರ ಊಟ. ಆ ಗದ್ದೆ ಕೊಯ್ದವನ ಊಟವಲ್ಲ.

ಗ್ರಂಥಗಳನ್ನು ಬಿಟ್ಟು ಮನೆಗೆ ಬಂದರೆ ಅದೇ ರೋಗ ಇನ್ನೊಂದು ರೂಪದಲ್ಲಿ ಕಾದಿರುತ್ತದೆ. ‘ಅಜ್ಜಿ, ನಾವು ಇಡ್ಲಿ ಯಾವಾಗಿನಿಂದ ಮಾಡುತ್ತೇವೆ?’ ‘ಮೊದಲಿನಿಂದಲೂ ಮಾಡುತ್ತೇವೆ ಮಗೂ.’ ಅದನ್ನು ಬರೆದುಕೊಂಡು ಬಂದು ಬಿಡುತ್ತಾರೆ. ಅಜ್ಜಿ ಸುಳ್ಳು ಹೇಳಿದ್ದಾರೆಂದಲ್ಲ. ಐವತ್ತು ವರ್ಷ ದಿನವೂ ಕೈಯಾಡಿಸಿದ್ದು ಯಾರಿಗಾದರೂ ಮೊದಲಿನಿಂದಲೂ ಇದ್ದಂತೆಯೇ ಅನ್ನಿಸುತ್ತದೆ. ಪ್ರಶ್ನೆಯೇ ತಪ್ಪು.

ಸಿರಾ ಕಡೆಯ ಒಬ್ಬ ಹುಡುಗಿಯನ್ನು ನಾನು ಮೂರು ಸಲ ವಾಪಸು ಕಳುಹಿಸಿದೆ. ಮೂರನೆಯ ಸಲ ಅವಳ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ‘ಅಜ್ಜಿಯನ್ನು ಇಡ್ಲಿಯ ಬಗ್ಗೆ ಕೇಳಬೇಡ, ಪಾತ್ರೆಯ ಬಗ್ಗೆ ಕೇಳು’ ಎಂದೆ. ನಮ್ಮ ಮನೆಗಳಲ್ಲಿ ಪಾತ್ರೆಗೆ ಹೆಸರು ಹಾಕಿಸುವ ಪದ್ಧತಿ ಇದೆಯಲ್ಲ, ಇತಿಹಾಸದ ಮೇಷ್ಟರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅವಳು ಅಟ್ಟದಿಂದ ಹಳೆಯ ಇಡ್ಲಿ ಪಾತ್ರೆ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಬಂದಳು. ಅಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ಯಾರದೋ ಹೆಸರು, ಊರು, 12-5-1974. ಆ ಇಸವಿಯನ್ನು ಓದಿ ಹೇಳಿದ್ದೇ ತಡ, ಅಜ್ಜಿಯ ಬಾಯಿಂದ ಬೇರೆಯೇ ಕಥೆ ಹೊರಟಿತಂತೆ. ‘ಅದು ನನ್ನ ಮೈದುನನ ಮದುವೆಗೆ ಮುಯ್ಯಿ ಬಂದದ್ದು. ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ಇಡ್ಲಿ ಎಲ್ಲಿತ್ತು? ಪೇಟೆಗೆ ಹೋದವರು ಹೋಟೆಲಿನಿಂದ ಎಲೆಯಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು, ಜ್ವರ ಬಂದವರಿಗೆ. ಅನ್ನವೇ ಹಬ್ಬಕ್ಕೆ, ದಿನಾ ಮುದ್ದೆ.’ ನೋಡಿ, ಮುಯ್ಯಿಯ ಪಾತ್ರೆಯಿಂದ ಹೋಟೆಲಿಗೆ, ಹೋಟೆಲಿನಿಂದ ಅಕ್ಕಿಗೆ, ಅಕ್ಕಿಯಿಂದ ನ್ಯಾಯಬೆಲೆ ಅಂಗಡಿಗೆ ದಾರಿ ತಾನಾಗಿ ತೆರೆಯಿತು.

ಇಲ್ಲೊಂದು ಎಚ್ಚರಿಕೆ. ಪಾತ್ರೆಯ ಮೇಲಿನ ಇಸವಿ ಆ ಪಾತ್ರೆಯದು, ಇಡ್ಲಿಯದಲ್ಲ. ಕರಾವಳಿಯಲ್ಲಿ ಹಲಸಿನ ಎಲೆಯ ಕೊಟ್ಟೆ ಕಟ್ಟಿ ಬೇಯಿಸುವವರಿಗೆ ಕುಳಿಯ ತಟ್ಟೆಯ ಹಂಗೇ ಇಲ್ಲ. ಸಿರಾದ ಒಂದು ಮನೆಯ ಮಾತನ್ನು ಇಡೀ ಕರ್ನಾಟಕದ ತಲೆಗೆ ಕಟ್ಟಬೇಡ ಎಂದು ಅವಳಿಗೂ ಹೇಳಿದೆ. ಆದರೂ ಕಟ್ಟಿದಳು, ಕೊನೆಯ ಪುಟದಲ್ಲಿ. ಅಂಕ ಕಡಿಮೆ ಮಾಡಲು ಮನಸ್ಸು ಬರಲಿಲ್ಲ.

ರವೆ ಇಡ್ಲಿಯನ್ನು ಆರಿಸಿಕೊಂಡವರ ಕೆಲಸ ಇನ್ನೂ ಸುಲಭ, ಅವರಿಗೆ ಪ್ರಾಚೀನ ಕಾಲದ ಹಾದಿಯೇ ಇಲ್ಲ. ಎರಡನೆಯ ಮಹಾಯುದ್ಧದ ಅಕ್ಕಿ ಅಭಾವದಲ್ಲಿ ಅದು ತಮ್ಮ ಅಡುಗೆಮನೆಯಲ್ಲಿ ಹುಟ್ಟಿತೆಂದು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಹೇಳುತ್ತಾರೆ. ಅವರೇ ಮೊದಲಿಗರೋ ಅಲ್ಲವೋ ಎಂಬ ಜಗಳ ನನಗೆ ಬೇಡ. ಅಕ್ಕಿ ಯಾಕೆ ಸಿಗಲಿಲ್ಲ ಎಂದು ಕೇಳಿ. 1942ರಲ್ಲಿ ಜಪಾನೀಯರು ರಂಗೂನನ್ನು ಹಿಡಿದರು, ಬರ್ಮಾದಿಂದ ಭಾರತಕ್ಕೆ ಬರುತ್ತಿದ್ದ ಅಕ್ಕಿ ನಿಂತಿತು. ಬೆಂಗಳೂರಿನ ಹೋಟೆಲಿನ ತಟ್ಟೆಯನ್ನು ವಿವರಿಸಲು ರಂಗೂನಿಗೆ ಹೋಗಬೇಕಾಯಿತು. ಶಾಲೆಯ ಉಪ್ಪಿಟ್ಟಿನದೂ ಇದೇ ಜಾಡು. ಅರವತ್ತು ದಾಟಿದ ಯಾರನ್ನಾದರೂ ಕೇಳಿ ನೋಡಿ, ‘ಅಮೆರಿಕದ ಹಾಲಿನ ಪುಡಿ, ಗೋಧಿ ನುಚ್ಚಿನ ಉಪ್ಪಿಟ್ಟು’ ಎಂದು ಶುರುಮಾಡುತ್ತಾರೆ. ಅದರ ಹಿಂದೆ, ತನ್ನಲ್ಲಿ ಮಿಕ್ಕ ಧಾನ್ಯವನ್ನು ಬೇರೆ ದೇಶಗಳಿಗೆ ಕಳುಹಿಸಲು ಅಮೆರಿಕ 1954ರಲ್ಲಿ ಮಾಡಿದ ಪಿಎಲ್ 480 ಎಂಬ ಕಾನೂನಿದೆ, 1965-66ರ ಬರವಿದೆ. ಜೊತೆಗೆ ಇನ್ನೊಂದನ್ನೂ ಕೇಳಲು ಹೇಳುತ್ತೇನೆ: ಆ ಉಪ್ಪಿಟ್ಟನ್ನು ಬೇಯಿಸಿದವರು ಯಾರು, ಯಾರು ಯಾರ ಪಕ್ಕ ಕುಳಿತು ತಿಂದರು? ಈ ಪ್ರಶ್ನೆಗೆ ಮನೆಯ ಹಿರಿಯರು ಒಮ್ಮೆಲೇ ಮಾತು ಬದಲಿಸಿದರೆ ಅದನ್ನೂ ಬರೆದುಕೊಳ್ಳಬೇಕು.

ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗ ತರಗತಿ ಮುಗಿದ ಮೇಲೆ ಬಾಗಿಲ ಬಳಿ ನಿಂತು, ‘ಸರ್, ನಮ್ಮ ಮನೆಯಲ್ಲಿ ಬರೆಯುವಂಥ ಅಡುಗೆ ಯಾವುದೂ ಇಲ್ಲ’ ಎಂದ. ನಾನು ಅವಸರದಲ್ಲಿದ್ದೆ. ‘ಹಬ್ಬಕ್ಕೆ ಏನಾದರೂ ಸಿಹಿ ಮಾಡುತ್ತಾರಲ್ಲ, ಅದನ್ನೇ ಬರಿ’ ಎಂದು ಬಸ್ಸಿಗೆ ಓಡಿದೆ. ಅವನು ಎರಡು ವಾರ ತರಗತಿಗೆ ಬರಲಿಲ್ಲ. ‘ನಿಮ್ಮ ಮನೆಯ ಅಡುಗೆ’ ಎನ್ನುವಾಗ ನನ್ನ ಮನಸ್ಸಿನಲ್ಲಿ ಯಾರ ಮನೆ ಇತ್ತು ಎಂಬುದು ಆ ಎರಡು ವಾರದಲ್ಲಿ ನನಗೆ ಹೊಳೆಯಿತು. ಮತ್ತೆ ಬಂದಾಗ ಹತ್ತಿರ ಕೂರಿಸಿಕೊಂಡು ಕೇಳಿದೆ: ‘ನಿಮ್ಮ ಅಜ್ಜನಿಗೆ ಕೂಲಿ ಎಂದು ಏನು ಕೊಡುತ್ತಿದ್ದರು?’

ಅವನು ತಂದದ್ದು ರಾಗಿಯ ಲೆಕ್ಕ. ಗಂಡಾಳಿಗೆ ಇಷ್ಟು, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಅಜ್ಜ ಇನ್ನೂ ಒಂದು ಮಾತು ಹೇಳಿದ್ದರು: ಧಣಿಯ ಮನೆಯಲ್ಲಿ ಅಳೆದು ಕೊಡುವ ಸೇರು ಬೇರೆ, ಸಾಲದ ರಾಗಿ ಅಳೆದು ತೆಗೆದುಕೊಳ್ಳುವ ಸೇರು ಬೇರೆ. ರಾಗಿ ನಿಂತು ದುಡ್ಡು ಬಂದದ್ದು ಯಾವಾಗ ಎಂದರೆ ಅಜ್ಜನಿಗೆ ಇಸವಿ ಗೊತ್ತಿರಲಿಲ್ಲ, ‘ಇಂದಿರಮ್ಮ ಚಿಕ್ಕಮಗಳೂರಿಗೆ ನಿಂತರಲ್ಲ, ಆವಾಗ’ ಎಂದರಂತೆ. ಆ ಉಪಚುನಾವಣೆ 1978ರ ನವೆಂಬರಿನದು. ನಮ್ಮ ಹಿರಿಯರ ಪಂಚಾಂಗ ಹೀಗೆಯೇ ಇರುತ್ತದೆ: ಚುನಾವಣೆ, ಕೆರೆ ಕೋಡಿ ಬಿದ್ದದ್ದು, ಮನೆಗೆ ಕರೆಂಟು ಬಂದದ್ದು. ಇಸವಿಗೆ ತಿರುಗಿಸುವ ಕೆಲಸ ನಮ್ಮದು.

ಮುಂದಿನ ವಾರ ನಾನು ತರಗತಿಗೆ ತಕ್ಕಡಿ ತಂದೆ. 1877ರ ಬರಗಾಲದಲ್ಲಿ, ಬಳ್ಳಾರಿಯೂ ಸೇರಿದ್ದ ಮದ್ರಾಸ್ ಪ್ರಾಂತದ ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿನ ಕೂಲಿಯನ್ನು ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದ್ದ. ಇದು ಸಾಲದೆಂದು ಪ್ರಾಂತದ ಆರೋಗ್ಯಾಧಿಕಾರಿ ಕಾರ್ನಿಷ್ ತಕರಾರು ತೆಗೆದಿದ್ದ. ಒಂದು ಪೌಂಡ್ ಎಂದರೆ 454 ಗ್ರಾಂ. ಅಷ್ಟು ರಾಗಿಯನ್ನು ತೂಗಿ ಹಾಳೆಯ ಮೇಲೆ ಸುರಿದೆವು. ಹುಡುಗರು ಸುತ್ತ ನಿಂತು ನೋಡಿದರು. ಆ ಹುಡುಗ ಬೊಗಸೆಯಲ್ಲಿ ಅದನ್ನೆತ್ತಿ, ‘ಕಲ್ಲು ಒಡೆಯುವವನಿಗಾ ಸರ್ ಇದು?’ ಎಂದ.

ಅವನ ಪ್ರಬಂಧದ ಮೊದಲ ಕರಡೂ ‘ಪ್ರಾಚೀನ ಕಾಲದಿಂದಲೂ ರಾಗಿಯು’ ಎಂದೇ ಶುರುವಾಗಿತ್ತು. ಅದನ್ನು ಹೊಡೆದುಹಾಕಿ ಹೊಸದಾಗಿ ಬರೆದು ತಂದ: ‘1978ರವರೆಗೆ ನಮ್ಮ ಅಜ್ಜನಿಗೆ ಕೂಲಿಯನ್ನು ರಾಗಿಯಲ್ಲಿ ಕೊಡುತ್ತಿದ್ದರು.’ ಇಸವಿಯ ಹಿಂದೆ ‘ಸುಮಾರು’ ಎಂದು ಸೇರಿಸು ಎಂದೆ. ಸೇರಿಸಿದ.