ಬಾರದ ಭಾಷೆಯನ್ನೂ ಬರುತ್ತದೆ ಎನ್ನುವ ಡ್ರೈವರ್

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ನಮ್ಮ ಮನೆಗೆ ಹುಡುಗನೊಬ್ಬ ಬೋರ್ಡ್ ಹಿಡಿದುಕೊಂಡು ಬಂದ. "ಅಣ್ಣ, ಎಸ್‌ಎಫ್‌ಪಿ ಹಾಕಿದರೆ ಲಿಂಕೇ ಬರುವುದಿಲ್ಲ. ಮೂರು ಮಾಡ್ಯೂಲ್ ಬದಲಿಸಿದೆ."

ಎಸ್‌ಎಫ್‌ಪಿ ಅಂದರೆ ನೆಟ್‌ವರ್ಕ್ ಪೋರ್ಟಿಗೆ ತುರುಕುವ ಪುಟ್ಟ ಮಾಡ್ಯೂಲ್. ಅದನ್ನು ಬದಿಗಿಟ್ಟು, ಪೋರ್ಟ್ ನಡೆಸುವ ಡ್ರೈವರ್‌ನ ಕೋಡ್ ತೆರೆಸಿದೆ. ಲಿಂಕ್ ನೋಡಿಕೊಳ್ಳುವುದು ಲಿನಕ್ಸ್‌ನ ಫೈಲಿಂಕ್. ಅದಕ್ಕೆ 'ನನಗೆ ಇವು ಬರುತ್ತವೆ' ಎಂದು ಕೊಡುವ ಸಪೋರ್ಟೆಡ್ ಇಂಟರ್‌ಫೇಸಸ್ ಪಟ್ಟಿಯಲ್ಲಿ ಎಂಟು ಮೋಡ್‌ಗಳು, ಅಂದರೆ ತಂತಿಯಲ್ಲಿ ಮಾತಾಡುವ ಎಂಟು ರೀತಿಗಳು, ಇದ್ದವು! "ಇಷ್ಟೆಲ್ಲ ಯಾಕೆ ಮಾರಾಯ?"

"ಸುಮ್ನೆ ಇರಲಿ ಅಂತ. ಬೇರೆ ಡ್ರೈವರ್‌ನಿಂದ ಎತ್ತಿದ್ದು."

ನನಗೆ ಸಿಟ್ಟು ಬರುವುದೇ ಇಲ್ಲಿ. ನಮ್ಮ ಕಾಸರಗೋಡು ಸಪ್ತಭಾಷೆಗಳ ನೆಲ. ಕೊಂಕಣಿ ಬರುತ್ತದೆ ಎಂದರೆ ಎದುರಿನವರು ಕೊಂಕಣಿಯಲ್ಲೇ ಶುರು ಮಾಡುತ್ತಾರೆ. ಆಮೇಲೆ ಬಾಯಿ ಬಿಟ್ಟುಕೊಂಡು ನಿಲ್ಲಬೇಕು. ಫೈಲಿಂಕ್ ಮಾಡುವುದೂ ಅದನ್ನೇ. ಮಾಡ್ಯೂಲ್ ಹೇಳುವ ಮೋಡ್‌ಗಳನ್ನೂ ನಿಮ್ಮ ಪಟ್ಟಿಯನ್ನೂ ಹೋಲಿಸಿ, ಎರಡರಲ್ಲೂ ಇರುವುದರಲ್ಲಿ ವೇಗದ್ದನ್ನು ಆರಿಸುತ್ತದೆ. ಇವನ ಮಾಡ್ಯೂಲ್‌ಗೆ 1000ಬೇಸ್-ಎಕ್ಸ್, 2500ಬೇಸ್-ಎಕ್ಸ್ ಎರಡೂ ಬರುತ್ತಿತ್ತು. ಆರಿಸಿದ್ದು 2500. ಅದಕ್ಕೆ ಸರ್ಡೆಸ್, ಅಂದರೆ ಬಿಟ್‌ಗಳನ್ನು ಒಂದರ ಹಿಂದೊಂದು ಕಳಿಸುವ ಭಾಗ, 3.125 ಗಿಗಾಬಾಡ್‌ನಲ್ಲಿ ಓಡಬೇಕು. ಇವನ ಚಿಪ್ 1.25ಕ್ಕೇ ಮುಗಿಯಿತು. ಲಿಂಕ್ ಎಲ್ಲಿಂದ ಬರಬೇಕು?

"ನನ್ನ ಪೋರ್ಟ್ 100 ಮೆಗಾಬಿಟ್‌ನಲ್ಲೂ ಓಡುತ್ತದಲ್ಲ, ಅದಕ್ಕೊಂದು ಮೋಡ್ ಬೇಡವೇ?" ಎಂದು ಕೇಳುವವರೂ ಜಾಸ್ತಿ. ಬೇಡ. ಈ ಪಟ್ಟಿ ಇರುವುದು ಹೊರಗಿನ ಕೇಬಲ್‌ನ ವೇಗಕ್ಕಲ್ಲ. ಮ್ಯಾಕ್ (ಪ್ಯಾಕೆಟ್ ಕಳಿಸಿ ಪಡೆಯುವ ಭಾಗ) ಮತ್ತು ಅದರ ಎದುರಿನ ಫೈ (ಕೇಬಲ್‌ಗೆ ಸಿಗ್ನಲ್ ಕೊಡುವ ಭಾಗ) ಅಥವಾ ಮಾಡ್ಯೂಲ್, ಇವೆರಡರ ನಡುವಿನ ತಂತಿಯ ಮಾತಿಗೆ. ಎಸ್‌ಜಿಎಂಐಐ ಎಂಬ ಮೋಡ್ ಹೊರಗೆ 100 ಇದ್ದರೂ ಒಳಗೆ 1.25 ಗಿಗಾಬಾಡ್‌ನಲ್ಲೇ ಓಡುತ್ತದೆ. ಒಂದೊಂದು ಬೈಟನ್ನು ಹತ್ತು ಸಲ ಹೇಳುತ್ತದೆ, ಅಷ್ಟೆ. ಕೇಬಲ್ ವೇಗ ಹೇಳಲು ಮ್ಯಾಕ್ ಕೆಪಬಿಲಿಟೀಸ್ ಎಂಬ ಪಟ್ಟಿ ಬೇರೆಯೇ ಇದೆ.

ಹಾಗಂತ ನಿಮ್ಮ ಬೋರ್ಡಿನಲ್ಲಿರುವ ಒಂದೇ ಮೋಡ್ ಬರೆದು ಕೂರಬೇಡಿ. ಈ ಪಟ್ಟಿ ಚಿಪ್‌ನದ್ದು. ಬೋರ್ಡಿನ ಸಂಗತಿ ಡಿವೈಸ್ ಟ್ರೀಗೆ, ಅಂದರೆ ಬೋರ್ಡಿನ ಹಾರ್ಡ್‌ವೇರ್ ವಿವರಿಸುವ ಫೈಲಿಗೆ, ಸೇರಿದ್ದು. ಆರ್‌ಜಿಎಂಐಐ ಎಂಬ ಮೋಡ್ ಇದ್ದರೆ ಸಾಮಾನ್ಯವಾಗಿ ಅದರ ನಾಲ್ಕು ಬಗೆಗಳನ್ನೂ ಹಾಕಿ. ತಂತಿ ಒಂದೇ. ಕ್ಲಾಕ್ ಸಿಗ್ನಲ್‌ಗೆ ಸುಮಾರು 2 ನ್ಯಾನೊಸೆಕೆಂಡಿನ ವಿಳಂಬವನ್ನು ಯಾರು ಸೇರಿಸಬೇಕು ಅನ್ನುವುದಷ್ಟೇ ವ್ಯತ್ಯಾಸ. ಸರ್ಡೆಸ್ ಬೇರೆ ಬ್ಲಾಕ್ ಆಗಿದ್ದರೆ ಅದರ ಡೇಟಾಶೀಟನ್ನೂ ಓದಿ. ಮ್ಯಾಕ್‌ಗೆ ಬರುವುದೆಲ್ಲ ಅದಕ್ಕೆ ಬರಬೇಕೆಂದಿಲ್ಲ.

ಹುಡುಗ 2500ರ ಸಾಲು ಅಳಿಸಿ ಕಂಪೈಲ್‌ಗೆ ಹಾಕಿದ. ಅಷ್ಟರಲ್ಲಿ ಕರೆಂಟು ಹೋಯಿತು. ಚಹಾ ಕುಡಿದು, ಅಡಿಕೆಯ ಕೊಳೆರೋಗ ಮಾತಾಡಿ ಮುಗಿಸುವಾಗ ಬಂತು. ಬೋರ್ಡ್ ಬೂಟ್ ಆಯಿತು, ಪೋರ್ಟಿನ ಹಸಿರು ದೀಪ ಹತ್ತಿತು. ಹುಡುಗ ಸ್ವಲ್ಪ ಹೊತ್ತು ಅದನ್ನೇ ನೋಡಿದ.

"ಅಣ್ಣ, ಪಟ್ಟಿಯಲ್ಲಿ ಆ ಕ್ಯೂಎಸ್‌ಜಿಎಂಐಐ ಮೋಡ್ ಒಂದು ಇರಲಿ, ಅಲ್ವಾ?"