ನೋವಿಲ್ಲದ ಗಾಯವನ್ನು ಹುಡುಕಿಯೇ ನೋಡಬೇಕು

ಐದು ದಿನದಿಂದ ಬಿಡದ ಜ್ವರ, ವಿಪರೀತ ತಲೆನೋವು, ಮೈಕೈ ನೋವು, ಜೊತೆಗೆ ಪ್ಲೇಟ್‌ಲೆಟ್ ಕಡಿಮೆ. ಇಷ್ಟಾದರೆ ಸಾಕು, ಡೆಂಗಿ ಎಂದುಕೊಂಡು ದಿನವೂ ಪ್ಲೇಟ್‌ಲೆಟ್ ಎಣಿಸುತ್ತ ಕೂರುತ್ತಾರೆ. ನುಸಿಯ ಮರಿ ಕಚ್ಚಿ ಬರುವ ಬ್ಯಾಕ್ಟೀರಿಯದ ಜ್ವರ ಸ್ಕ್ರಬ್ ಟೈಫಸ್‌ನಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ, ಲಿವರ್ ಎನ್‌ಜೈಮ್‌ಗಳು ಏರುತ್ತವೆ. ಡೆಂಗಿ ವೈರಸ್ಸನ್ನು ಕೊಲ್ಲುವ ಮಾತ್ರೆಯಿಲ್ಲ. ಸ್ಕ್ರಬ್ ಟೈಫಸ್‌ಗೆ ಇದೆ. ಹಾಗಾಗಿಯೇ ಕಳೆದ ಒಂದೊಂದು ದಿನವೂ ನಷ್ಟ.

‘ಮೈಮೇಲೆ ಗಾಯ ಇದೆಯಾ?’ ಎಂದರೆ ಇಲ್ಲ, ‘ಹುಳ ಕಚ್ಚಿತ್ತಾ?’ ಎಂದರೂ ಇಲ್ಲ. ರೋಗಿ ಸುಳ್ಳು ಹೇಳುತ್ತಿಲ್ಲ, ಆದರೆ ಆ ಉತ್ತರವನ್ನು ನಂಬಿ ಮುಂದೆ ಹೋಗುವಂತಿಲ್ಲ. ಕಚ್ಚುವುದು ಪೊದೆ, ಹುಲ್ಲುಗಳಲ್ಲಿರುವ ನುಸಿಯ ಮರಿ. ಅದು ಕಣ್ಣಿಗೆ ಬೀಳುವುದೇ ಕಷ್ಟ. ಜ್ವರ ಶುರುವಾಗುವುದು ಕಚ್ಚಿದ 6ರಿಂದ 21 ದಿನಗಳ ನಂತರ. ಕಚ್ಚಿದ ಜಾಗದ ಗಾಯ ನೋಯುವುದಿಲ್ಲ, ಸಾಮಾನ್ಯವಾಗಿ ತುರಿಸುವುದೂ ಇಲ್ಲ. ಬೀಡಿಯಿಂದ ಸುಟ್ಟಂತೆ ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ದಾರ ಕೂರುವ ಜಾಗ, ಕಿವಿಯ ಹಿಂದೆ, ವೃಷಣದ ಚೀಲ: ಬಟ್ಟೆ ಸರಿಸಿ, ಒಳ್ಳೆಯ ಬೆಳಕಿನಲ್ಲಿ, ಮಡಿಕೆ ಬಿಡಿಸಿ ನೋಡಬೇಕು. ಬೆವರು ನಿಲ್ಲುವ ಕಡೆ ಹಕ್ಕಳೆ ಕಟ್ಟದೆ ಬರೀ ಹುಣ್ಣಿನಂತೆಯೂ ಕಾಣಬಹುದು. ಎಲ್ಲಾದರೂ ದುಗ್ಧಗ್ರಂಥಿ ಗಡ್ಡೆಯಂತೆ ಊದಿದ್ದರೆ ಅದರ ಆಸುಪಾಸನ್ನು ಮತ್ತೊಮ್ಮೆ ನೋಡಿ. ಎಷ್ಟೋ ರೋಗಿಗಳಲ್ಲಿ ಗಾಯ ಸಿಗುವುದೇ ಇಲ್ಲ. ಸಿಗಲಿಲ್ಲವೆಂದು ರೋಗವನ್ನು ತಳ್ಳಿಹಾಕಬಾರದು.

ರಕ್ತದಲ್ಲಿ ಈ ರೋಗದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ಮೊದಲ ವಾರದಲ್ಲಿ ನೆಗೆಟಿವ್ ಬರಬಹುದು. ಅನುಮಾನ ಬಲವಾಗಿದ್ದರೆ ವರದಿಗೆ ಕಾಯದೆ ಔಷಧಿ ಶುರುಮಾಡುತ್ತೇವೆ. ಜ್ವರ ಎರಡನೇ ವಾರಕ್ಕೆ ಕಾಲಿಟ್ಟ ಮೇಲೆ ಶ್ವಾಸಕೋಶ, ಕಿಡ್ನಿ, ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಏದುಸಿರು, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಇಂಜೆಕ್ಷನ್ ಎಷ್ಟು ಕೊಟ್ಟರೂ ಇಲ್ಲಿ ಪ್ರಯೋಜನವಿಲ್ಲ. ಈ ಬ್ಯಾಕ್ಟೀರಿಯ ನಮ್ಮ ಜೀವಕೋಶದೊಳಗೆ ಅಡಗಿ ಬೆಳೆಯುತ್ತದೆ. ಬೇಕಾದದ್ದು ಡಾಕ್ಸಿಸೈಕ್ಲಿನ್. ದೊಡ್ಡವರಿಗೆ ಸಾಮಾನ್ಯವಾಗಿ 100 ಮಿ.ಗ್ರಾಂ, ದಿನಕ್ಕೆರಡು ಬಾರಿ, 7 ದಿನ. ಗರ್ಭಿಣಿಯರಿಗೆ ಅಜಿಥ್ರೊಮೈಸಿನ್. ಮಕ್ಕಳ ಪ್ರಮಾಣ ತೂಕದ ಮೇಲೆ, ವೈದ್ಯರೇ ನಿರ್ಧರಿಸಬೇಕು. ಡಾಕ್ಸಿಸೈಕ್ಲಿನ್ ಅನ್ನು ತುಂಬು ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬೇಡಿ, ಅನ್ನನಾಳ ಸುಡುತ್ತದೆ. ಕಬ್ಬಿಣದ ಮಾತ್ರೆ, ಆಂಟಾಸಿಡ್ ಜೊತೆಗೆ ಬೇಡ. ಬಹುತೇಕರಿಗೆ 48 ಗಂಟೆಯಲ್ಲಿ ಜ್ವರ ಇಳಿಯುತ್ತದೆ. ಇಳಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ಮೂರನೇ ದಿನವೂ ಜ್ವರ ಹಾಗೇ ಇದ್ದರೆ ಬೇರೆ ರೋಗವಿದೆಯೇ ಎಂದು ಮೊದಲಿನಿಂದ ನೋಡಬೇಕಾಗುತ್ತದೆ.