ಮೂರು ಮೂಲೆ ಚೌಕ, ಒಂದು ಮೂಲೆ ದುಂಡು

ಹಳೆಯ ಕಲ್ಲುಗೋಡೆ ಬಿರುಕು ಬಿಟ್ಟಿದೆ, ಬಂದು ನೋಡಿ ಎಂದು ಯಾರಾದರೂ ಕರೆದರೆ ನಾನು ಮೊದಲು ಹೋಗಿ ನಿಲ್ಲುವುದು ಮನೆಯ ಮೂಲೆಯಲ್ಲಿ. ಪಾಯದ ಪಕ್ಕದಲ್ಲಿ ಚರಂಡಿಗೋ ಸಂಪಿಗೋ ಗುಂಡಿ ತೋಡಿದ್ದಾರಾ ಅಂತ ನೋಡುತ್ತೇನೆ. ಎಷ್ಟೋ ಸಲ ರೋಗದ ಬೇರು ಅಲ್ಲೇ ಸಿಕ್ಕಿದೆ. ಮೂಲೆಗೆ ಯಾಕೆ ಅಷ್ಟು ಹೆದರಬೇಕು ಎಂದು ಹೊಸ ಇಂಜಿನಿಯರುಗಳು ಕೇಳಿದರೆ ಅವರಿಗೆ ಇಂಗ್ಲೆಂಡಿನ ರಾಚೆಸ್ಟರ್ ಕೋಟೆಯ ಕಥೆ ಹೇಳುತ್ತೇನೆ.

ಈ ಕೋಟೆ ಇರುವುದು ಕೆಂಟ್ ಸೀಮೆಯಲ್ಲಿ, ಮೆಡ್ವೇ ನದಿಯ ದಡದಲ್ಲಿ. ಲಂಡನ್ನಿನಿಂದ ಡೋವರ್ ಕಡೆಗೆ ಹೋಗುವ ರೋಮನ್ನರ ಕಾಲದ ರಸ್ತೆ ಹೊಳೆ ದಾಟುವುದು ಇಲ್ಲೇ. ಹಾಗಾಗಿ ಈ ಕೋಟೆ ಯಾರ ಕೈಯಲ್ಲಿತ್ತೋ ದಾರಿಯೂ ಅವರ ಕೈಯಲ್ಲಿತ್ತು. 1127ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ಹೆನ್ರಿ ಇದನ್ನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂನ ವಶಕ್ಕೆ ಕೊಟ್ಟ. ಇವತ್ತು ನಾವು ನೋಡುವ ದೊಡ್ಡ ಗೋಪುರವನ್ನು ಎಬ್ಬಿಸಿದವನು ಆತನೇ. ತಳದಲ್ಲಿ ಸುಮಾರು 70 ಅಡಿ ಚೌಕ, ಎತ್ತರ 113 ಅಡಿ, ಬುಡದಲ್ಲಿ ಗೋಡೆಯ ದಪ್ಪ ಸುಮಾರು 12 ಅಡಿ.

12 ಅಡಿ ಎಂದರೆ ಪೂರ್ತಿ ಕೆತ್ತಿದ ಕಲ್ಲೇ ಎಂದುಕೊಳ್ಳಬೇಡಿ. ಹೊರಗೊಂದು ಮೈ, ಒಳಗೊಂದು ಮೈ, ನಡುವೆ ಒರಟು ಕಲ್ಲು ಮತ್ತು ಸುಣ್ಣದ ಗಾರೆ ತುಂಬಿದ ಹೊಟ್ಟೆ. ಮೈಗೆ ಹಾಕಿದ್ದು ಕೆಂಟಿನದೇ ಒರಟು ಕಲ್ಲು. ಮೂಲೆಗಳಿಗೆ ಮಾತ್ರ ಸಮುದ್ರದಾಚೆ ನಾರ್ಮಂಡಿಯ ಕಾನ್ ಊರಿನಿಂದ ತರಿಸಿದ, ನಯವಾಗಿ ಕೆತ್ತಲು ಬರುವ ಕಲ್ಲು. ಇಂಥ ಗೋಡೆ ಮೇಲಿಂದ ಬರುವ ಭಾರವನ್ನು ಎಷ್ಟು ಬೇಕಾದರೂ ಹೊರುತ್ತದೆ. ಆದರೆ ಕಾಲಡಿಯ ನೆಲ ಜಾರಿದರೆ ತಡೆಯುವುದಿಲ್ಲ.

ಗೋಡೆಯ ನಟ್ಟನಡುವೆ ಕೆಳಗಡೆ ಒಂದು ತೂತು ತೋಡಿ. ಮೇಲಿನ ಕಲ್ಲುಗಳು ತಾವೇ ಒಂದಕ್ಕೊಂದು ಒತ್ತಿಕೊಂಡು ಕಮಾನಿನ ಹಾಗೆ ನಿಲ್ಲುತ್ತವೆ, ಭಾರ ಎರಡೂ ಪಕ್ಕಕ್ಕೆ ಹಂಚಿಹೋಗುತ್ತದೆ. ತೂತಿನ ಮೇಲೆ ತ್ರಿಕೋನದಷ್ಟು ಕಲ್ಲು ಉದುರಬಹುದು, ಉಳಿದದ್ದು ನಿಂತಿರುತ್ತದೆ. ಮೂಲೆಯಲ್ಲಿ ಇದು ನಡೆಯುವುದಿಲ್ಲ. ಕಮಾನಿಗೆ ಎರಡು ಕಡೆ ಆಸರೆ ಬೇಕು. ಮೂಲೆಯಾಚೆ ಗೋಡೆಯೇ ಇಲ್ಲ, ಬಯಲು. ಅಡಿಪಾಯ ಹೋದರೆ ಇಡೀ ಮೂಲೆ ಹೊರಗೆ ವಾಲಿ ಬೀಳುತ್ತದೆ.

ಇದನ್ನು ಚೆನ್ನಾಗಿ ಅರಿತಿದ್ದವರು ಜಾನ್ ದೊರೆಯ ಸುರಂಗದ ಆಳುಗಳು. 1215ರ ಜೂನಿನಲ್ಲಿ, ದೊರೆಯ ಅಧಿಕಾರಕ್ಕೆ ಕಡಿವಾಣ ಹಾಕುವ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಒತ್ತಿದ ಜಾನ್, ಕೆಲವೇ ತಿಂಗಳಲ್ಲಿ ತನ್ನ ಸರದಾರರ ಮೇಲೆಯೇ ದಂಡೆತ್ತಿ ಹೋದ. ವಿಲಿಯಂ ಡೊಬಿನಿಯ ಮುಂದಾಳತ್ವದಲ್ಲಿ ಬಂಡಾಯಗಾರರು ರಾಚೆಸ್ಟರ್ ಹಿಡಿದು ಕೂತರು. ಹಗಲೂ ರಾತ್ರಿ ಪಿಕಾಸಿ ಮಾಡಿಸಿ ಕಳಿಸಿ ಎಂದು ದೊರೆ ಕ್ಯಾಂಟರ್ಬರಿಗೆ ಆಜ್ಞೆ ಬರೆದ. ಕಲ್ಲೆಸೆಯುವ ಯಂತ್ರಗಳಿಂದ ದೊಡ್ಡ ಗೋಪುರ ಮಣಿಯಲಿಲ್ಲ. ಕೊನೆಗೆ ಆಗ್ನೇಯ ಮೂಲೆಯ ಕೆಳಗೆ ಸುರಂಗ ಕೊರೆದರು.

ತೋಡುತ್ತಾ ಹೋದ ಹಾಗೆ ಪಾಯ ಕುಸಿಯದಂತೆ ಮರದ ಆಸರೆ ಕೊಡುತ್ತಾ ಹೋಗಬೇಕು. ಎಲ್ಲ ತೋಡಿ ಮುಗಿದ ಮೇಲೆ ಆ ಮರಗಳಿಗೇ ಬೆಂಕಿ. ಆದರೆ ಗಾಳಿಯಾಡದ ಸುರಂಗದಲ್ಲಿ ದಪ್ಪ ದಪ್ಪ ತೊಲೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ, ಹೊಗೆಯಾಡಿ ಆರಿಹೋಗುತ್ತದೆ. ನವೆಂಬರ್ 25ರಂದು ಜಾನ್ ತನ್ನ ಅಧಿಕಾರಿ ಹ್ಯೂಬರ್ಟ್ ಡಿ ಬರ್ಗ್‌ಗೆ ಪತ್ರ ಬರೆಸಿದ: ತಿನ್ನಲು ಅಷ್ಟೇನೂ ಚೆನ್ನಾಗಿರದ, ಚೆನ್ನಾಗಿ ಕೊಬ್ಬಿದ 40 ಹಂದಿ ಕೂಡಲೇ ಕಳಿಸು, ಗೋಪುರದ ಕೆಳಗೆ ಬೆಂಕಿ ಹಾಕಲು ಬೇಕು. ಆ ಕೊಬ್ಬಿನ ಉರಿಗೆ ಆಸರೆ ಮರಗಳು ಸುಟ್ಟುಹೋದವು, ಮೂಲೆ ಕುಸಿಯಿತು.

ಕೋಟೆ ಅಲ್ಲಿಗೇ ಬೀಳಲಿಲ್ಲ ಎಂಬುದು ನನ್ನ ಮಟ್ಟಿಗೆ ಈ ಕಥೆಯ ಜೀವಾಳ. ಗೋಪುರದೊಳಗೆ, ತಳದಿಂದ ಮೇಲಿನವರೆಗೆ ಒಂದು ಅಡ್ಡಗೋಡೆ ಇದೆ. ಒಳಗಿದ್ದವರು ಅದರ ಆಚೆ ಸರಿದು ಉಳಿದರ್ಧದಲ್ಲಿ ನಿಂತು ಹೋರಾಡಿದರು. ಬಾವಿಯ ಕೊಳವೆ ಕೂಡ ಆ ಗೋಡೆಯ ಹೊಟ್ಟೆಯಲ್ಲೇ ಮೇಲಕ್ಕೆ ಹೋಗಿದೆ. ಯಾವ ಮಹಡಿಯಲ್ಲಿ ನಿಂತರೂ ಹಗ್ಗ ಬಿಟ್ಟು ನೀರು ಸೇದಬಹುದು. ತೊಲೆಯ ಭಾರ ಹೊರುವುದಕ್ಕೆ, ಮನೆ ಪಾಲು ಮಾಡುವುದಕ್ಕೆ, ನೀರಿಗೆ, ಪ್ರಾಣಕ್ಕೆ, ಎಲ್ಲಕ್ಕೂ ಒಂದೇ ಗೋಡೆ! ನಕ್ಷೆಯಲ್ಲಿ ಅದನ್ನು ನೋಡಿದಾಗಲೆಲ್ಲ ಕಟ್ಟಿದ ಆ ಮೇಸ್ತ್ರಿಗೆ ಕೈಮುಗಿಯಬೇಕು ಅನ್ನಿಸುತ್ತದೆ. ನೀರಿತ್ತು, ಅನ್ನ ಇರಲಿಲ್ಲ. ಕುದುರೆ ಮಾಂಸ ತಿಂದು ದಿನ ತಳ್ಳಿದವರು ನವೆಂಬರ್ 30ಕ್ಕೆ ಹಸಿವಿನಿಂದಲೇ ಶರಣಾದರು.

ಮುಂದೆ ಜಾನನ ಮಗ ಮೂರನೇ ಹೆನ್ರಿಯ ಕಾಲದಲ್ಲಿ ಬಿದ್ದ ಮೂಲೆಯನ್ನು ಮತ್ತೆ ಕಟ್ಟಿದರು. ಇದ್ದ ಹಾಗೆ ಚೌಕಕ್ಕೆ ಕಟ್ಟದೆ ದುಂಡಗೆ ಕಟ್ಟಿದರು. ಅಷ್ಟರೊಳಗೆ ಕೋಟೆ ಕಟ್ಟುವವರ ಬುದ್ಧಿಯೇ ದುಂಡಿನ ಕಡೆ ತಿರುಗಿತ್ತು: ದುಂಡು ಗೋಪುರಕ್ಕೆ ಪಿಕಾಸಿ ಸಿಕ್ಕಿಸಿ ಮೀಟಲು ಚೂಪು ಅಂಚಿಲ್ಲ, ಶತ್ರು ಅಡಗಿ ಕೂರಲು ಮೇಲಿನವರ ಕಣ್ಣಿಗೆ ಬೀಳದ ಸಂದಿಯೂ ಇಲ್ಲ. ಹಳೆಯದಕ್ಕೆ ಹೊಂದಿಸಬೇಕೆಂಬ ಹಟ ಅವರಿಗೆ ಇರಲಿಲ್ಲ ಎಂಬುದೇ ನನಗೆ ಸಂತೋಷ. ಅಂದು ಅವರು ಅಚ್ಚುಕಟ್ಟಾಗಿ ಚೌಕ ಮಾಡಿಬಿಟ್ಟಿದ್ದರೆ ಇವತ್ತು ಹೊರಗೆ ನಿಂತವರಿಗೆ 1215 ಕಾಣುತ್ತಲೇ ಇರಲಿಲ್ಲ. ತೇಪೆ ಗೊತ್ತಾಗದಂತೆ ರಿಪೇರಿ ಮಾಡಿಕೊಡಿ ಎಂದು ಕೇಳುವ ಮನೆಯವರಿಗೆ ನಾನು ಈ ಗೋಪುರದ ಚಿತ್ರ ತೋರಿಸುತ್ತೇನೆ.

1264ರಲ್ಲಿ, ಮೂರನೇ ಹೆನ್ರಿಯ ವಿರುದ್ಧ ಬಂಡೆದ್ದ ಸರದಾರ ಸೈಮನ್ ಡಿ ಮಾಂಟ್‌ಫರ್ಟ್‌ನ ಪಡೆ ಮತ್ತೆ ಮುತ್ತಿಗೆ ಹಾಕಿತು. ಈ ಸಲವೂ ಹೊರಕೋಟೆ ದಾಟಿ ಒಳಬಂದರು. ಅಷ್ಟರಲ್ಲಿ ದೊರೆಯ ಸೈನ್ಯ ಬರುತ್ತಿರುವ ಸುದ್ದಿ ತಲುಪಿ ಮುತ್ತಿಗೆ ಎತ್ತಿ ಹೊರಟರು. ದೊಡ್ಡ ಗೋಪುರ ಅವರ ಕೈಗೆ ಸಿಗಲಿಲ್ಲ.